ಸತ್ತ ಸರ್ಕ್ಯೂಟ್ ಬೋರ್ಡುಗಳನ್ನ ಎಐ ಬೇರ್ಪಡಿಸುತ್ತಂತೆ. ನಮ್ಮೂರಲ್ಲಿ ಅದಕ್ಕೆ ಕೆಲಸ ಇದೆಯಾ?

ಐಜಿ ರಸ್ತೆ ರಿಪೇರಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಟಿವಿ, ಸೆಟಪ್ ಬಾಕ್ಸ್, ಇನ್ವರ್ಟರ್, ಈಗೀಗ ಮೊಬೈಲು, ಇವೇ ನನ್ನ ಕಸುಬು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಮಳೆ ಶುರುವಾಯ್ತು ಅಂದ್ರೆ ಅಂಗಡೀಲಿ ಕಾಲಿಡೋಕೆ ಜಾಗ ಇರಲ್ಲ. ಆಲ್ದೂರು, ಮಲ್ಲಂದೂರು ಕಡೆಯಿಂದ ಸಿಡಿಲು ಹೊಡೆದ ರೂಟರು, ಸೆಟಪ್ ಬಾಕ್ಸು, ತೋಟದ ಸೋಲಾರ್ ಬೇಲಿಯ ಬಾಕ್ಸು ಚೀಲದಲ್ಲೇ ಬರುತ್ವೆ. ಕೆಲವು ಎದ್ದು ಕೂರುತ್ವೆ, ಕೆಲವು ಏಳಲ್ಲ. ಏಳದ್ದನ್ನ ಯಾರೂ ವಾಪಸ್ ಒಯ್ಯಲ್ಲ, "ನೀವೇ ಇಟ್ಕೊಳ್ಳಿ" ಅಂತಾರೆ. ಹಂಗೆ ಇಟ್ಕೊಂಡು ಇಟ್ಕೊಂಡು ಹಿಂದಿನ ರೂಮು ತುಂಬಿದೆ.

ಮೊನ್ನೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬಂದಿದ್ರು. ಬೆಲ್ಟು, ಕ್ಯಾಮೆರಾ, ಎಐ. ಬೋರ್ಡು ಯಾವುದು, ಬ್ಯಾಟರಿ ಯಾವುದು ಅಂತ ಅದೇ ಗುರುತಿಸಿ ಬೇರೆ ಮಾಡುತ್ತಂತೆ. ಸರ್ಕ್ಯುಲರ್ ಎಕಾನಮಿ, ಅಂದ್ರೆ ಹಳೇದನ್ನ ಬಿಸಾಕದೆ ಮತ್ತೆ ಬಳಕೆಗೆ ತರೋ ಪ್ರಾಜೆಕ್ಟು, ನಿಮ್ಮ ರೂಮಿನ ಮಾಲು ಕೊಡಿ ಅಂದ್ರು. ಕೊಡೋಕೆ ಅಡ್ಡಿಯಿಲ್ಲ. ಆದ್ರೆ ಬೋರ್ಡು ಯಾವುದು ಬ್ಯಾಟರಿ ಯಾವುದು ಅಂತ ನಂಗೇ ಗೊತ್ತಲ್ಲ ಮಾರಾಯ್ರೆ? ಬೇರೆ ಮಾಡಿದ ಮೇಲೆ ಎಲ್ಲಿಗೆ ಕಳಿಸೋದು ಅನ್ನೋದೇ ಗೊತ್ತಿಲ್ಲದಿರೋದು. ತಿಳಿದೋರು ಹೇಳಿ, ಈ ಎಐ ನಿಜಕ್ಕೂ ಎಲ್ಲಿ ಉಪಯೋಗಕ್ಕೆ ಬರುತ್ತೆ?

ಕ್ಯೂರಿಂಗ್ ಮೆಕ್ಯಾನಿಕ್

ಅಣ್ಣಾ, ಈ ಮೆಷಿನ್ನು ನಮ್ಮೂರಿಗೆ ಹೊಸದಲ್ಲ. ಕಾಫಿ ಬೀಜದ ಸಿಪ್ಪೆ ತೆಗೆದು ಹಸನು ಮಾಡೋ ಕ್ಯೂರಿಂಗ್‌ನಲ್ಲಿ ಕಲರ್ ಸಾರ್ಟರ್ ನೋಡಿರ್ತೀರಿ. ಬೀಜ ಮೇಲಿಂದ ಜಾರಿ ಬೀಳುತ್ತೆ, ಬೀಳೋವಾಗಲೇ ಕ್ಯಾಮೆರಾ ನೋಡುತ್ತೆ, ಕಪ್ಪು ಬೀಜ ಕಂಡ್ರೆ ಟಪ್ ಅಂತ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತೆ. ಇ-ಕಸವನ್ನ ಪುಡಿ ಮಾಡಿದ ಮೇಲೂ ಹೆಚ್ಚುಕಮ್ಮಿ ಇದೇ ಕೆಲಸ. ಬೆಳಕು, ಕ್ಯಾಮೆರಾ, ಕಂಪ್ರೆಸರ್ ಗಾಳಿ.

ಆದ್ರೆ ನಮ್ಮಲ್ಲಿಗೆ ಬರೋದೆಲ್ಲ ಕಾಫಿ ಬೀಜವೇ. ಅದೂ ಮೊದಲೇ ಜರಡಿ ಹಾದು ಎಎ, ಎ, ಬಿ, ಪೀಬೆರಿ ಅಂತ ಗಾತ್ರದಲ್ಲಿ ಬೇರೆಯಾಗಿರುತ್ತೆ. ಮೆಷಿನ್‌ಗೆ ಇರೋ ಪ್ರಶ್ನೆ ಒಂದೇ, ಬಣ್ಣ ಸರಿ ಇದೆಯಾ ಇಲ್ವಾ. ನಿಮ್ಮ ರೂಮಲ್ಲಿ ಮಿಕ್ಸಿ, ಚಾರ್ಜರು, ಡಬ್ಬಾ ಟಿವಿ, ವೈರಿನ ಗಂಟು ಎಲ್ಲ ಒಂದರ ಮೇಲೊಂದು ಬಿದ್ದಿರುತ್ತೆ. ಅದನ್ನ ಕ್ಯಾಮೆರಾ ಹೇಗೆ ಬಿಡಿಸಿ ನೋಡಬೇಕು?

ಇನ್ನೊಂದು ಮಾತು. ದಿನಾ ಟನ್‌ಗಟ್ಟಲೆ ಮಾಲು ಓಡಿದ್ರೆ ಮಾತ್ರ ಅಂಥ ಮೆಷಿನ್ನಿನ ಸಾಲ ತೀರೋದು. ಮಾಲು ನಿಂತಾಗ ನಮ್ಮ ಸಾರ್ಟರ್ ಕವರ್ ಹೊದ್ಕೊಂಡು ಕೂತಿರುತ್ತೆ. ನಿಮ್ಮ ಒಂದು ರೂಮು ಅದಕ್ಕೆ ಬೆಳಗಿನ ತಿಂಡಿಗೂ ಸಾಲಲ್ಲ.

ಏಳನೇ ಸೆಮ್

ಸರ್, ಅಂಗಡಿಗೆ ಬಂದಿದ್ದ ಹುಡುಗರಲ್ಲಿ ನಾನೂ ಒಬ್ಬ. ನಾವು ದೊಡ್ಡ ಮೆಷಿನ್ ಕಟ್ಟೋಕೆ ಹೊರಟಿಲ್ಲ. ಫೋಟೋದಲ್ಲಿ ಯಾವ ವಸ್ತು ಎಲ್ಲಿದೆ ಅಂತ ಗುರುತಿಸೋ ಯೋಲೋ ಥರದ ಎಐ ಮಾಡೆಲ್‌ಗಳು ಪುಕ್ಕಟೆ ಸಿಗುತ್ವೆ. ಒಂದೊಂದು ವಸ್ತುವಿನ ಕೆಲವು ನೂರು ಫೋಟೋ ಕೊಟ್ಟು ಕಲಿಸಿದ್ರೆ ಮೊಬೈಲಲ್ಲೇ ಓಡುತ್ತೆ. ನೆಟ್ಟಲ್ಲಿ ಸಿಗೋ ಫೋಟೋಗಳು ಬಹುಪಾಲು ಹೊರದೇಶದ್ದು. ಅದರಲ್ಲಿ ನಮ್ಮ ಸ್ಟೆಬಿಲೈಸರ್ ಇಲ್ಲ, ಬೇಲಿ ಬಾಕ್ಸ್ ಇಲ್ಲ. ಅದಕ್ಕೇ ನಿಮ್ಮ ರೂಮು ಕೇಳಿದ್ದು.

2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ಇ-ಕಸ 6.2 ಕೋಟಿ ಟನ್, ಅದರಲ್ಲಿ ಲೆಕ್ಕಕ್ಕೆ ಸಿಕ್ಕಿ ಸರಿಯಾಗಿ ರೀಸೈಕಲ್ ಆಗಿದ್ದು ಶೇ. 22.3 ಮಾತ್ರ ಅಂತ ಗ್ಲೋಬಲ್ ಇ-ವೇಸ್ಟ್ ಮಾನಿಟರ್ ವರದಿಯಲ್ಲಿದೆ. ಏನಾದ್ರೂ ಮಾಡ್ಬೇಕಲ್ವಾ ಸರ್?

ಹಾಸನ ಗುಜರಿ

ತಮ್ಮಾ, ಲೆಕ್ಕಕ್ಕೆ ಸಿಗದೇ ಇರೋದು ಎಲ್ಲೂ ಹೋಗಿಲ್ಲ ಕಣಪ್ಪ. ನಮ್ಮಂಥೋರ ತಕ್ಕಡಿ ಮೇಲೆ ಐತೆ. ನಮ್ಮ ಚೀಟಿ ಯಾವ ವರದೀಲೂ ಬರಲ್ಲ, ಅಷ್ಟೆ.

ಬೋರ್ಡು ಗುರ್ತಿಸೋದು ಏನ್ ದೊಡ್ಡ ವಿದ್ಯೆ? ಒಂದೇ ಕಡೆ ಗೆರೆ ಇರೋ ಕಂದು ಬೋರ್ಡು, ಹಳೇ ಟಿವಿ ಯುಪಿಎಸ್‌ನದು, ಅದಕ್ಕೆ ರೇಟೇ ಇಲ್ಲ. ಹಸಿರು ಬೋರ್ಡು ಪರವಾಗಿಲ್ಲ. ಮೊಬೈಲ್ ಬೋರ್ಡು, ಚಿನ್ನದ ಹಲ್ಲಿರೋ ರ‍್ಯಾಮು, ಹಳೇ ಪ್ರೊಸೆಸರು, ಇವನ್ನ ಬೇರೆ ಡಬ್ಬೀಗ್ ಹಾಕಿ ಒಳಗಿಡ್ತೀವಿ. ನಮ್ಮ ಹುಡುಗ ಕರೆಂಟ್ ಹೋದಾಗ್ಲೂ ಕೈಯಾಡಿಸಿ ಹೇಳ್ತಾನೆ. ಎಐ ಬೇಕಿರೋದು ರೇಟ್ ಹೇಳಕ್ಕೆ. ನಾನು ಬೆಂಗಳೂರಿನ ಪಾರ್ಟಿಗೆ ಕೊಡ್ತೀನಿ. ಅವನು ಇನ್ನೊಬ್ಬನಿಗೆ ಕೊಡ್ತಾನೆ. ಕೊನೇಲಿ ಡೆಲ್ಲಿ ಕಡೆ ಹೋಗುತ್ತೆ ಅಂತಾರೆ. ಯಾರಿಗೆ ಎಷ್ಟು ಉಳೀತು ಅಂತ ಯಾವ ಕ್ಯಾಮೆರಾ ತೋರಿಸುತ್ತೆ ಹೇಳು.

ಪೀಣ್ಯ ಶಿಫ್ಟ್

ಊರು ಅರಸೀಕೆರೆ, ಕೆಲಸ ಬೆಂಗಳೂರಿನ ಒಂದು ಇ-ಕಸದ ಘಟಕದಲ್ಲಿ. ರೋಬೋಟ್ ಕೈಯ ವಿಡಿಯೋ ನೋಡಿ ಜನ ಏನೇನೋ ಅಂದ್ಕೊಂಡಿದಾರೆ, ಅದಕ್ಕೆ ಒಳಗೆ ಏನಾಗುತ್ತೆ ಅಂತ ಬರೀತೀನಿ. ಉದ್ದ ಆದ್ರೆ ಕ್ಷಮಿಸಿ.

ಬಿಚ್ಚೋ ಕೆಲಸ ಇವತ್ತಿಗೂ ಕೈಯಿಂದಲೇ. ಬ್ಯಾಟರಿ, ಟೋನರ್, ಹಳೇ ಎಲ್‌ಸಿಡಿ ಪರದೆ ಹಿಂದಿನ ಪಾದರಸದ ದೀಪ, ಇವನ್ನ ತೆಗೆದ ಮೇಲೇ ಮಿಕ್ಕಿದ್ದು ಶ್ರೆಡ್ಡರ್‌ಗೆ. ಪುಡಿಯಾದ ಮೇಲೆ ಕಬ್ಬಿಣಕ್ಕೆ ಆಯಸ್ಕಾಂತ. ತಾಮ್ರ, ಅಲ್ಯೂಮಿನಿಯಂಗೆ ಎಡ್ಡಿ ಕರೆಂಟ್ ಯಂತ್ರ: ಜೋರಾಗಿ ತಿರುಗೋ ಆಯಸ್ಕಾಂತದ ಉರುಳೆ ಲೋಹದ ಚೂರಿನೊಳಗೆ ಕರೆಂಟ್ ಹುಟ್ಟಿಸಿ ಅದನ್ನ ಮುಂದಕ್ಕೆ ಹಾರಿಸುತ್ತೆ, ಪ್ಲಾಸ್ಟಿಕ್ಕು ಅಲ್ಲೇ ಕೆಳಗೆ ಬೀಳುತ್ತೆ. ಇಲ್ಲಿವರೆಗೂ ಎಐ ಇಲ್ಲ.

ಆಮೇಲೆ ಪ್ಲಾಸ್ಟಿಕ್. ಯಾವ ಜಾತಿಯದು ಅಂತ ನೋಡೋಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ತಿರುಗಿ ಬರೋ ಬೆಳಕಿನಿಂದ ಗುರುತು ಹಿಡೀತಾರೆ. ಈ ಗುರುತು ಹಿಡಿಯೋದ್ರಲ್ಲಿ ಎಐ ಒಳ್ಳೆ ಕೆಲಸ ಮಾಡುತ್ತೆ. ಆದ್ರೆ ಟಿವಿ, ಕೀಬೋರ್ಡು, ಚಾರ್ಜರ್ ಎಲ್ಲ ಕಪ್ಪು ನೋಡಿ. ಆ ಕಪ್ಪಿಗೆ ಹಾಕಿರೋ ಇಂಗಾಲದ ಪುಡಿ ಬೆಳಕನ್ನೇ ನುಂಗಿಬಿಡುತ್ತೆ. ಏನೂ ತಿರುಗಿ ಬರದೇ ಇದ್ರೆ ಎಷ್ಟೇ ಬುದ್ಧಿವಂತ ಮಾಡೆಲ್ ಇದ್ರೂ ಏನು ಓದುತ್ತೆ? ಬೆಂಕಿ ಹತ್ತಬಾರದು ಅಂತ ಬೆರೆಸಿರೋ ಬ್ರೋಮಿನ್ ಇದೆಯಾ ಅಂತ ನೋಡೋಕೆ ಎಕ್ಸ್‌ರೇ ಬೇಕು. ಅಂಥ ಪ್ಲಾಸ್ಟಿಕ್ ಕರಗಿ ಮಕ್ಕಳ ಆಟಿಕೆ ಆಗಬಾರದು, ಹಾಗಾಗಿ ಬೇರೆ ಮಾಡಲೇಬೇಕು.

ನನ್ನ ಕೇಳಿದ್ರೆ ಎಐ ತನ್ನ ಅನ್ನ ತಾನು ದುಡಿಯೋದು ಬ್ಯಾಟರಿ ಹುಡುಕೋದ್ರಲ್ಲಿ. ಈಗಿನ ಇಯರ್‌ಬಡ್‌ಗೆ ಸ್ಕ್ರೂ ಇಲ್ಲ, ಎಲ್ಲ ಅಂಟು. ಒಳಗೆ ಲಿಥಿಯಂ ಇದೆ ಅಂತ ಕಣ್ಣಿಗೆ ಕಾಣಲ್ಲ, ಶ್ರೆಡ್ಡರ್‌ಗೆ ಹೋದ್ರೆ ಬೆಂಕಿ. ಎಕ್ಸ್‌ರೇ ಚಿತ್ರದಲ್ಲಿ ಬ್ಯಾಟರಿಯ ಆಕಾರ ಗುರುತಿಸೋ ವ್ಯವಸ್ಥೆ ಹೊರಗಿನ ಕೆಲವು ಪ್ಲಾಂಟ್‌ಗಳಲ್ಲಿ ಬಂದಿದೆ. ಇದಕ್ಕೆ ಖರ್ಚು ಮಾಡಿ ಅಂದ್ರೆ ನಾನು ಮೊದಲು ಕೈ ಎತ್ತುತೀನಿ, ಯಾಕಂದ್ರೆ ಆ ಶ್ರೆಡ್ಡರ್ ಪಕ್ಕ ನಿಲ್ಲೋನು ನಾನೇ.

ರೋಬೋಟ್ ವಿಷಯ. ಆ್ಯಪಲ್ ಕಂಪನಿ 2018ರಲ್ಲಿ ಡೈಸಿ ಅಂತ ಒಂದನ್ನ ತೋರಿಸ್ತು, ಗಂಟೆಗೆ 200 ಐಫೋನ್ ಬಿಚ್ಚುತ್ತೆ. ಸರಿ. ಆದ್ರೆ ಅದು ಬಿಚ್ಚೋದು ಅವರದೇ ಫೋನು, ಅದರಲ್ಲೂ ಕಲಿಸಿದ ಮಾಡೆಲ್‌ಗಳನ್ನ ಮಾತ್ರ. ನಮ್ಮ ಟೇಬಲ್ ಮೇಲೆ ಒಂದಾದ ಮೇಲೊಂದು ಬರೋದು ಹೆಸರೇ ಇಲ್ಲದ ಸ್ಪೀಕರು, ತುಕ್ಕು ಹಿಡಿದ ಗೀಸರು.

ಮತ್ತೆ ಗುಜರಿ ಅಣ್ಣಾ, ಲೆಕ್ಕಕ್ಕೆ ಸಿಗದ್ದೆಲ್ಲ ನಿಮ್ಮ ತಕ್ಕಡಿ ಮೇಲಿಲ್ಲ. ಮನೆ ಕಪಾಟಲ್ಲಿದೆ, ಊರ ಕಸದ ಗುಂಡೀಲಿದೆ. ಒಂದಷ್ಟು ಬೆಂಕೀಲಿದೆ. ವೈರ್ ಸುಟ್ಟು ತಾಮ್ರ ತೆಗೆಯೋದನ್ನ ನೀವೂ ನೋಡಿರ್ತೀರಿ.

ಹಾಸನ ಗುಜರಿ

ನೋಡಿದೀನಿ. ನಮ್ಮಲ್ಲಿ ಸುಡಲ್ಲ, ಸುಲಿಯೋ ಮೆಷಿನ್ ಇಟ್ಟಿದೀನಿ. ಸುಟ್ಟ ವೈರಿಗಿಂತ ಸುಲಿದ ವೈರಿಗೆ ಕೆಜಿಗೆ ಜಾಸ್ತಿ ಸಿಗುತ್ತೆ, ತಾಮ್ರ ಕಪ್ಪಾಗಲ್ಲ. ಹೊಗೆ ಬ್ಯಾಡ ಅಂತ ಬೋರ್ಡ್ ಬರೆದು ಹಾಕೋದಕ್ಕಿಂತ ಈ ಲೆಕ್ಕ ಹೇಳಿ, ಹುಡುಗ್ರು ಕೇಳ್ತಾರೆ.

ಕಡೂರು ಟೀಚರ್

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳೋಳು. ಮಕ್ಕಳಿಗೆ ಟೋಕಿಯೋ ಒಲಿಂಪಿಕ್ಸ್ ಪದಕಗಳ ಉದಾಹರಣೆ ಕೊಡ್ತೀನಿ. ಸುಮಾರು 5,000 ಪದಕಗಳಿಗೆ ಬೇಕಾದ ಲೋಹವನ್ನೆಲ್ಲ ಜನ ಕೊಟ್ಟ ಹಳೇ ಉಪಕರಣಗಳಿಂದಲೇ ತೆಗೆದರು. 78,985 ಟನ್ ಸಣ್ಣ ಉಪಕರಣ, 62.1 ಲಕ್ಷ ಮೊಬೈಲು ಸೇರಿ 32 ಕೆಜಿ ಚಿನ್ನ. ಅದು ಆದದ್ದು ಹೇಗೆ ಗೊತ್ತಾ? 1,600ಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳು, ಮೊಬೈಲ್ ಅಂಗಡಿಗಳು ಡಬ್ಬಿ ಇಟ್ಟು ಎರಡು ವರ್ಷ ಸಂಗ್ರಹಿಸಿದವು. ಬುದ್ಧಿ ಖರ್ಚಾಗಿದ್ದು ಡಬ್ಬಿ ಎಲ್ಲಿಡಬೇಕು ಅನ್ನೋದಕ್ಕೆ.

ನಮ್ಮಲ್ಲಿ ಡಬ್ಬಿ ಇಟ್ಟರೂ ಹೆಣ್ಣುಮಕ್ಕಳು ಹಳೇ ಫೋನ್ ಹಾಕಲ್ಲ. ಫೋಟೋ ಇರುತ್ತೆ, ಬ್ಯಾಂಕಿನ ಮೆಸೇಜ್ ಇರುತ್ತೆ. ಅದು ಸೋಮಾರಿತನವಲ್ಲ, ಭಯ. ಎದುರಿಗೇ ಅಳಿಸಿ ತೋರಿಸ್ತೀವಿ ಅಂತ ಯಾರಾದ್ರೂ ಒಬ್ಬರು ನಂಬಿಕಸ್ಥರು ಕೂತರೆ ಒಂದೇ ವಾರದಲ್ಲಿ ಕಪಾಟುಗಳು ಖಾಲಿಯಾಗ್ತವೆ.

ಐಜಿ ರಸ್ತೆ ರಿಪೇರಿ

ಟೀಚರ್ ಹೇಳಿದ್ದು ನಿಜ. ಆನ್ ಆಗೋ ಫೋನಾದ್ರೆ ಅವರ ಮುಂದೆಯೇ ರೀಸೆಟ್ ಮಾಡಿ ಕೊಡ್ತೀನಿ. ಆನ್ ಆಗದ್ದೇ ಕಷ್ಟ. ಬೋರ್ಡಿನ ಮೆಮೊರಿ ಚಿಪ್ಪು ಒಡೆದುಹಾಕಿ ಅಂತ ಕೆಲವರು ಎದುರಿಗೆ ನಿಂತು ಒಡೆಸ್ತಾರೆ. ಸುತ್ತಿಗೆ ಏಟಿಗೆ ಆ ಬೋರ್ಡಿನ ಮಿಕ್ಕ ಪಾರ್ಟೂ ಹೋಯ್ತು.

ಅದಿರಲಿ, ಕಾನೂನು ಏನು ಹೇಳುತ್ತೆ? ನಾನು ಇಷ್ಟೆಲ್ಲ ಇಟ್ಕೊಂಡಿರೋದು ತಪ್ಪಾ?

ಪೀಣ್ಯ ಶಿಫ್ಟ್

ಈಗ ನಡೀತಿರೋದು 2022ರ ಇ-ತ್ಯಾಜ್ಯ ನಿಯಮ, 2023ರ ಏಪ್ರಿಲ್ 1ರಿಂದ ಜಾರಿ. ಮುಂಚೆ 21 ಬಗೆಯ ಉಪಕರಣ ಇತ್ತು, ಈಗ 106. ಸೋಲಾರ್ ಪ್ಯಾನೆಲ್ಲೂ ಸೇರಿದೆ. ತಯಾರಿಸಿ ಮಾರೋ ಕಂಪನಿ ತನ್ನ ಪಾಲಿನ ಕಸ ರೀಸೈಕಲ್ ಆಯ್ತು ಅಂತ ಸರ್ಟಿಫಿಕೇಟ್ ಕೊಂಡ್ಕೋಬೇಕು. ಅದನ್ನ ಹುಟ್ಟಿಸೋನು ನೋಂದಾಯಿತ ರೀಸೈಕ್ಲರ್. ಲೆಕ್ಕ ಹಾಕೋದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ, ಈ ನಾಲ್ಕರ ಮೇಲೆ. ನೋಂದಣಿ ಇರೋದು ನಾಲ್ಕು ಥರದವರಿಗೆ: ಉತ್ಪಾದಕ, ಮಾರುಕಟ್ಟೆಗೆ ಬಿಡೋ ಕಂಪನಿ, ದುರಸ್ತಿ ಮಾಡಿ ಮರುಮಾರಾಟಕ್ಕೆ ತಯಾರು ಮಾಡೋನು, ರೀಸೈಕ್ಲರ್. ಹಿಂದಿನ ನಿಯಮದಲ್ಲಿ ಬಿಚ್ಚೋರಿಗೆ, ಸಂಗ್ರಹ ಕೇಂದ್ರಕ್ಕೆ ಅಂತಲೇ ಒಂದು ಜಾಗ ಇತ್ತು. ಈಗ ಅದಿಲ್ಲ. ಮಾಲು ಕೊನೆಗೆ ನೋಂದಾಯಿತ ರೀಸೈಕ್ಲರ್ ಕೈಗೆ ಸೇರಬೇಕು. ನಿಮ್ಮದಕ್ಕೂ ಅದೇ ದಾರಿ.

ಹಾಸನ ಗುಜರಿ

ನಾಲ್ಕರಲ್ಲಿ ನಾನೆಲ್ಲಿದೀನಪ್ಪ? ಮನೆಮನೆಗೆ ಹೋಗಿ ತರೋನು ನಾನು, ತೂಕ ಹಾಕಿ ಕಾಸು ಕೊಡೋನು ನಾನು. ಪುಸ್ತಕದಲ್ಲಿ ನನ್ನ ಹೆಸ್ರೇ ಇಲ್ಲ. 2022ರ ಜುಲೈನಲ್ಲಿ ಇ-ಕಸದ ಜಿಎಸ್‌ಟಿ ಶೇ. 5 ಇದ್ದಿದ್ದನ್ನ 18ಕ್ಕೆ ಏರಿಸಿದ್ರು. ಬಿಲ್ ಹಾಕಿ ಮಾರೋಕೆ ಹೋದ್ರೆ ಕೈಯಿಂದ ಹೋಗುತ್ತೆ, ಬಿಲ್ ಇಲ್ದೆ ಒಯ್ಯೋನು ರಾತ್ರೀನೇ ಕ್ಯಾಶ್ ಕೊಡ್ತಾನೆ. ನೀವಾದ್ರೆ ಯಾರಿಗ್ ಕೊಡ್ತಿದ್ರಿ?

ಪೀಣ್ಯ ಶಿಫ್ಟ್

ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅಣ್ಣಾ. ರೀಸೈಕ್ಲರ್‌ಗೆ ಕಂಪನಿಗಳು ಕೆಜಿಗೆ ಕನಿಷ್ಠ 22 ರೂಪಾಯಿ ಕೊಡಬೇಕು ಅಂತ ಸರ್ಕಾರ 2024ರಲ್ಲಿ ಗೊತ್ತು ಮಾಡಿತು. ಹೊರೆ ಜಾಸ್ತಿ ಅಂತ ಕೆಲವು ದೊಡ್ಡ ಕಂಪನಿಗಳು ಡೆಲ್ಲಿ ಹೈಕೋರ್ಟ್‌ಗೆ ಹೋದ್ವು. ಆ 22ರಲ್ಲಿ ತಕ್ಕಡಿ ಹಿಡಿದೋನಿಗೆ ಇಷ್ಟು ಅಂತ ಯಾರೂ ಬರೆದಿಲ್ಲ.

ಎಐ ಬೇಕಿದ್ರೆ ಈ ಕಾಗದದ ಕಡೆಗೂ ಬೇಕು. ಪ್ಲಾಸ್ಟಿಕ್‌ನಲ್ಲಿ ಇಂಥದೇ ಸರ್ಟಿಫಿಕೇಟ್ ಪದ್ಧತಿ ಇದೆ, ಅಲ್ಲಿ ಸುಮಾರು 6 ಲಕ್ಷ ಸುಳ್ಳು ಸರ್ಟಿಫಿಕೇಟ್ 2023ರಲ್ಲಿ ಸಿಕ್ಕಿಬಿದ್ವು. ಇಷ್ಟು ಟನ್ ಪುಡಿ ಮಾಡಿದೀನಿ ಅಂತ ಬರೆದ ಘಟಕದ ಕರೆಂಟ್ ಬಿಲ್ಲು, ಲಾರಿ ತೂಕದ ಚೀಟಿ ಒಂದಕ್ಕೊಂದು ತಾಳೆ ಆಗುತ್ತಾ ಅಂತ ನೋಡೋದು ಕಂಪ್ಯೂಟರಿಗೆ ಸುಲಭದ ಕೆಲಸ. ವಿಡಿಯೋ ಮಾಡೋಕೆ ಚೆನ್ನಾಗಿರಲ್ಲ ಅಷ್ಟೆ.

ಮೂಡಿಗೆರೆ ತೋಟ

ನಡುವೆ ಬಾಯಿ ಹಾಕ್ತಿದೀನಿ. ಆನೆ ಕಾಟಕ್ಕೆ ಹಾಕಿದ ಸೋಲಾರ್ ಬೇಲಿಯ ಹಳೇ ಬ್ಯಾಟರಿಗಳದ್ದು ಒಂದು ಪ್ರಶ್ನೆ. ಲೆಡ್ ಆಸಿಡ್ ಬ್ಯಾಟರಿ ಆದ್ರೆ ಅಂಗಡಿಯವರೇ ಹಳೇದಕ್ಕೆ ರೇಟು ಕಟ್ಟಿ ಒಯ್ತಾರೆ. ಲಿಥಿಯಂ ಪ್ಯಾಕ್ ಕೊಟ್ರೆ ಮುಟ್ಟಲ್ಲ. ಯಾಕೆ?

ಪೀಣ್ಯ ಶಿಫ್ಟ್

ಸೀಸವನ್ನ ಕರಗಿಸಿ ಮತ್ತೆ ಬ್ಯಾಟರಿಗೇ ಹಾಕ್ತಾರೆ, ಆ ವ್ಯಾಪಾರ ಹಳೇದು, ದರ ಎಲ್ಲರಿಗೂ ಗೊತ್ತು. ಲಿಥಿಯಂ ಪ್ಯಾಕಿನೊಳಗೆ ಕೋಬಾಲ್ಟ್ ಇದೆಯೋ ಬರೀ ಕಬ್ಬಿಣ ಫಾಸ್ಫೇಟ್ ಇದೆಯೋ ಹೊರಗಿಂದ ತಿಳಿಯಲ್ಲ. ಬೆಲೆ ಅದರ ಮೇಲೇ ನಿಂತಿರೋದು. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ವಿದ್ಯುತ್ ವಾಹನದ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ, ಸ್ಕ್ಯಾನ್ ಮಾಡಿದ್ರೆ ಒಳಗೇನಿದೆ ಅಂತ ತಿಳಿಯುತ್ತೆ.

ಇಲ್ಲಿ ಎಐಗೆ ನಿಜವಾದ ಕೆಲಸ ಇದೆ. ಚಾರ್ಜ್ ಡಿಸ್‌ಚಾರ್ಜ್ ಆಗುವಾಗ ವೋಲ್ಟೇಜ್ ಹೇಗೆ ಏರಿಳಿಯುತ್ತೆ ಅಂತ ನೋಡಿ ಸೆಲ್ಲಿಗೆ ಇನ್ನೆಷ್ಟು ಆಯಸ್ಸಿದೆ ಅಂತ ಅಂದಾಜು ಮಾಡುತ್ತೆ. ಸ್ಕೂಟರಿಗೆ ಸಾಲದು ಅಂತ ತೆಗೆದ ಪ್ಯಾಕಿನಲ್ಲಿ ಶೇ. 70–80 ಶಕ್ತಿ ಉಳಿದಿರುತ್ತೆ. ನಿಮ್ಮ ಬೇಲಿಗೆ ಅಷ್ಟು ಧಾರಾಳ. ಆದ್ರೆ ಪರೀಕ್ಷೆ ಮಾಡದೆ, ಬ್ಯಾಟರಿ ಕಾಯೋ ಬಿಎಂಎಸ್ ಸರ್ಕ್ಯೂಟ್ ಇಲ್ಲದೆ ಯಾರೋ ಜೋಡಿಸಿ ಕೊಟ್ರು ಅಂತ ಕಾಫಿ ಗೋಡೌನ್ ಪಕ್ಕ ಇಟ್ಕೋಬೇಡಿ.

ಕಡೂರು ಟೀಚರ್

ಎಐ ಇ-ಕಸ ತೆಗೆಯುತ್ತೆ ಅಂತ ಎಲ್ಲರೂ ಹೇಳ್ತಿದೀರಿ, ಹುಟ್ಟಿಸೋದನ್ನೂ ಹೇಳಿ. ಬರಹ, ಚಿತ್ರ ತಾನೇ ಹುಟ್ಟಿಸೋ ಜನರೇಟಿವ್ ಎಐಗೆ ಬೇಕಾದ ಸರ್ವರ್‌ಗಳಿಂದ 2030ರ ಹೊತ್ತಿಗೆ ಒಟ್ಟು 12 ಲಕ್ಷದಿಂದ 50 ಲಕ್ಷ ಟನ್ ಇ-ಕಸ ಸೇರಬಹುದು ಅಂತ 2024ರಲ್ಲಿ ಒಂದು ಅಧ್ಯಯನ ಬಂದಿದೆ.

ಸರ್ಕ್ಯುಲರ್ ಅನ್ನೋರು ನಮ್ಮ ಲ್ಯಾಬ್ ಬಂದು ನೋಡಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹಳೇ ಪ್ರೊಸೆಸರ್ ಇರೋ ಕಂಪ್ಯೂಟರಿಗೆ 11 ಹತ್ತಲ್ಲ. ಕೆಟ್ಟಿಲ್ಲ, ಸುಟ್ಟಿಲ್ಲ, ಆದ್ರೂ ಗುಜರಿಗೆ ಹೋಗಿ ಅಂದ ಹಾಗಾಯ್ತು. ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿಸಿದೆವು, ಮಕ್ಕಳು ಆರಾಮಾಗಿ ಬಳಸ್ತಿದಾರೆ. ಏಳನೇ ಸೆಮ್ ಹುಡುಗರೇ, ಪ್ರಾಜೆಕ್ಟ್ ಬೇಕಿದ್ದರೆ ಜಿಲ್ಲೆಯ ಶಾಲೆಗಳಿಗೆ ಇದನ್ನೇ ಮಾಡಿಕೊಡಿ.

ಏಳನೇ ಸೆಮ್

ಮೇಡಂ, ಅದಕ್ಕೆ ಗೈಡ್ ಮಾರ್ಕ್ಸ್ ಕೊಡಲ್ಲ 😅 ಹೆಸರಲ್ಲಿ ಎಐ ಇರಬೇಕು.

ಕ್ಯೂರಿಂಗ್ ಮೆಕ್ಯಾನಿಕ್

ನಗು ಬಂತು. ಒಂದು ಸೀರಿಯಸ್ ಮಾತು. ಸಾರ್ಟರ್ ಬರೋಕೆ ಮುಂಚೆ ಗಾರ್ಬಲಿಂಗ್‌ಗೆ ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಚೂರು ಆರಿಸ್ತಿದ್ರು. ಮೆಷಿನ್ ಬಂದ ಮೇಲೆ ಆ ಸಾಲು ಸಣ್ಣದಾಯ್ತು. ಈಗಲೂ ಒಳ್ಳೆ ಲಾಟ್‌ಗೆ ಕೊನೆ ಕೈ ಅವರದ್ದೇ, ಮೆಷಿನ್ ಬಿಟ್ಟಿದ್ದನ್ನ ಅವರು ಹಿಡೀತಾರೆ. ಆದ್ರೆ ಕೆಲಸ ಹೋದವರು ಎಲ್ಲಿಗೆ ಹೋದ್ರು ಅಂತ ಯಾರೂ ಕೇಳಲಿಲ್ಲ. ಪೀಣ್ಯದವರೇ, ನಿಮ್ಮ ಟೇಬಲ್‌ನಲ್ಲಿ ಬಿಚ್ಚೋರು ಯಾರು?

ಪೀಣ್ಯ ಶಿಫ್ಟ್

ನಮ್ಮಲ್ಲೂ ಹೆಂಗಸರೇ ಜಾಸ್ತಿ. ಮೊದಲು ಕಸ ಆಯ್ತಿದ್ದವರೂ ಇದಾರೆ. ಗ್ಲೌಸು, ಮಾಸ್ಕು, ಪಿಎಫ್ ಇದೆ. ಧೂಳಿನ ಶ್ರೆಡ್ಡರ್ ಕಡೆ ಮೆಷಿನ್ ಬರಲಿ, ಬಿಚ್ಚೋ ಟೇಬಲ್ ಕಡೆ ಬೇಡ ಅಂತ ನನ್ನ ಆಸೆ. ಮಾಲೀಕರ ಆಸೆ ಬೇರೆ ಇರಬಹುದು.

ಐಜಿ ರಸ್ತೆ ರಿಪೇರಿ

ಎಲ್ಲ ಓದಿದೆ. ನನ್ನ ಮಟ್ಟಿಗೆ ಬೇಕಿರೋದು ಬೇರೇನೇ ಅನ್ನಿಸ್ತು. ಕೇಳಿ.

ರಿಪೇರಿಗೆ ಬಂದ ಎಲ್ಇಡಿ ಟಿವೀಲಿ ಒಂದು ಪವರ್ ಐಸಿ ಸತ್ತಿರುತ್ತೆ. ಬೆಂಗಳೂರಿನ ಎಸ್‌ಪಿ ರೋಡಿಂದ ತರಿಸಿದ್ರೆ ಡೂಪ್ಲಿಕೇಟ್ ಬರೋ ಭಯ, ಕೊರಿಯರ್ ಬೇರೆ. ಅದೇ ಐಸಿ ಹಾಸನದ ಯಾವುದೋ ಅಂಗಡಿಯ ಸತ್ತ ಬೋರ್ಡಿನ ಮೇಲೆ ಸರಿಯಾಗಿಯೇ ಕೂತಿರುತ್ತೆ. ಅವರಿಗೆ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಅದು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತೆ.

ಎಐ ಚಾಟ್‌ಗೆ ಫಾಲ್ಟ್ ಕೇಳಿ ನೋಡಿದೀನಿ. ಎಲ್ಲಿಂದ ಹುಡುಕಬೇಕು ಅಂತ ಚೆನ್ನಾಗಿ ಹೇಳುತ್ತೆ, ಕನ್ನಡದಲ್ಲೇ ಹೇಳುತ್ತೆ. ಆದ್ರೆ ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಅಂತ ಕೇಳಿದ್ರೆ ಇಲ್ಲದ್ದನ್ನೂ ಧೈರ್ಯವಾಗಿ ಹೇಳಿಬಿಡುತ್ತೆ. ಐಸಿ ಕಂಪನಿಯ ಡೇಟಾಶೀಟ್ ತೆಗೆದು ನೋಡದೆ ನಂಬೋ ಹಾಗಿಲ್ಲ. ಇನ್ನೊಂದು ಕಡೆ, ಮಾಸಿಹೋದ ಐಸಿ ಮೇಲಿನ ನಂಬರನ್ನ ಫೋಟೋದಲ್ಲಿ ಓದೋದ್ರಲ್ಲಿ ಅದು ನನ್ನ ಕಣ್ಣಿಗಿಂತ ವಾಸಿ.

ಹಾಗಿದ್ರೆ ಹುಡುಗರೇ, ಬೋರ್ಡು ಬ್ಯಾಟರಿ ಬೇರೆ ಮಾಡೋದು ಬಿಡಿ. ಬೋರ್ಡಿನ ಫೋಟೋ ತೆಗೆದ್ರೆ ಅದರ ಮೇಲಿನ ನಂಬರೆಲ್ಲ ಓದಿ ಪಟ್ಟಿ ಮಾಡೋ ಹಾಗೆ ಮಾಡ್ತೀರಾ? ಚಿಕ್ಕಮಗಳೂರು, ಹಾಸನ, ಕಡೂರು, ಸಕಲೇಶಪುರ, ನಾಲ್ಕೂರಿನ ರಿಪೇರಿಯವರು ಸೇರಿದ್ರೆ ಯಾರ ಹತ್ರ ಯಾವ ಪಾರ್ಟ್ ಇದೆ ಅಂತ ಹುಡುಕಬಹುದು. ಪಾರ್ಟ್ ತೆಗೆದ ಮೇಲೆ ಉಳಿದ ಬೋರ್ಡು ರೀಸೈಕಲ್‌ಗೆ ಹೋಗಲಿ. ಚಿನ್ನ ಎಲ್ಲೂ ಓಡಿಹೋಗಲ್ಲ.

ಏಳನೇ ಸೆಮ್

ಸರ್ ಇದು ಮಾಡಬಹುದು! ಅಕ್ಷರ ಓದೋ ಮಾಡೆಲ್ ಇದೆ, ಪಕ್ಕದಿಂದ ಬೆಳಕು ಬಿಟ್ರೆ ಕೊರೆದ ನಂಬರ್ ಚೆನ್ನಾಗಿ ಕಾಣುತ್ತೆ. ಸಿಡಿಲು ಹೊಡೆದ ಬೋರ್ಡಿನ ಪಾರ್ಟ್ ಒಳ್ಳೇದೋ ಸತ್ತಿದೆಯೋ ಅಂತ ಮಾತ್ರ ಫೋಟೋದಲ್ಲಿ ತಿಳಿಯಲ್ಲ.

ಐಜಿ ರಸ್ತೆ ರಿಪೇರಿ

ಅದಕ್ಕೆ ಮಲ್ಟಿಮೀಟರ್ ಇದೆಯಪ್ಪ. ಅಷ್ಟಾದ್ರೂ ಕೆಲಸ ನಮಗೆ ಬಿಡಿ.

ಹಾಸನ ಗುಜರಿ

ಏನ್ ಸ್ವಾಮಿ, ಒಳ್ಳೊಳ್ಳೆ ಪಾರ್ಟೆಲ್ಲ ನೀವು ಕಿತ್ಕೊಂಡು ಬೋಳು ಬೋರ್ಡು ನಂಗೆ ಕೊಡ್ತೀರಾ? ಐಸಿ ಕಿತ್ತ ಬೋರ್ಡಿಗೆ ಮೇಲಿನೋನು ರೇಟ್ ಮುರೀತಾನೆ.

ಐಜಿ ರಸ್ತೆ ರಿಪೇರಿ

ಎಲ್ಲಾ ಬೋರ್ಡಲ್ಲ ಅಣ್ಣಾ. ಮೊಬೈಲು, ರ‍್ಯಾಮು ನಮಗೆ ಬೇಡ. ಟಿವಿ ಬೋರ್ಡು, ಇನ್ವರ್ಟರ್ ಬೋರ್ಡು, ನೀವೇ ರೇಟಿಲ್ಲ ಅಂದ ಕಂದು ಬೋರ್ಡು, ಅದರಲ್ಲೇ ನಮಗೆ ಬೇಕಾದ ಟ್ರಾನ್ಸ್‌ಫಾರ್ಮರು, ಮಾಸ್‌ಫೆಟ್ಟು ಇರೋದು. ಬೆಂಗಳೂರಿಗೆ ಲೋಡ್ ಕಳಿಸೋಕೆ ಮುಂಚೆ ನಮಗೊಂದು ಸಲ ನೋಡೋಕೆ ಬಿಡಿ. ಬೇಕಾದ ಬಿಡಿಭಾಗಕ್ಕೆ ಪಾರ್ಟ್ ಲೆಕ್ಕದಲ್ಲೇ ಕಾಸು ಕೊಡ್ತೀವಿ, ಕೆಜಿ ಲೆಕ್ಕದಲ್ಲಲ್ಲ.

ಹಾಸನ ಗುಜರಿ

ಅದಾದ್ರೆ ಮಾತಾಡೋಣ. ಲೋಡ್ ಹೋಗೋದು ಶನಿವಾರ ರಾತ್ರಿ, ಗುರುವಾರ ಶುಕ್ರವಾರ ಹುಡುಗ್ರು ಬಂದು ಫೋಟೋ ತಗೊಳ್ಳಿ. ಡಬ್ಬಾ ಟಿವಿ ಟ್ಯೂಬ್ ಹತ್ರ ಮಾತ್ರ ಬರ್ಬೇಡಿ, ಒಡೆದ್ರೆ ಸೀಸದ ಗಾಜು. ಆ್ಯಪ್‌ನಲ್ಲಿ ಪಾರ್ಟ್ ರೇಟ್ ತೋರಿಸಿ. ಕೆಜಿ ರೇಟ್ ತೋರಿಸಿದ್ರೆ ನನ್ನ ಹೆಸರು ತೆಗೀರಿ.

ಏಳನೇ ಸೆಮ್

ಗುರುವಾರ ಇಂಟರ್ನಲ್ಸ್ ಇದೆ ಅಣ್ಣಾ. ಶುಕ್ರವಾರ ಮಧ್ಯಾಹ್ನ ಬರ್ತೀವಿ. ಕರೆಂಟ್ ಇರುತ್ತಲ್ವಾ? ಲೈಟ್ ಬಾಕ್ಸ್ ತರ್ತಿದೀವಿ.